ಮೇಜಿನ ಮೇಲೆ ಕೋಡಿ ಬಿದ್ದ ಕೆರೆ

ವಸ್ತುಸಂಗ್ರಹಾಲಯದಲ್ಲಿ ಯಾರೂ ಜಗಳ ಆಡುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಅಲ್ಲಿ ಜನ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ, ಪಿಸುದನಿಯಲ್ಲಿ ಮಾತಾಡುತ್ತಾರೆ, ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ. ಬೀಗರಾಗಬೇಕಾದವರು ಮೊದಲ ಸಲ ಮುಖ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ ಎಂದು ಲೆಕ್ಕ ಹಾಕಿದ್ದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು. ನನ್ನ ಲೆಕ್ಕಗಳು ಬೋರ್ಡಿನ ಮೇಲೆ ಸರಿಯಾಗಿಯೇ ಬರುತ್ತವೆ. ಮನೆಗೆ ತಂದ ಕೂಡಲೇ ಕೆಟ್ಟುಹೋಗುತ್ತವೆ.

ಮಗಳು ದೊಡ್ಡಬಳ್ಳಾಪುರದಲ್ಲಿ ನಮ್ಮ ಜೊತೆಗೇ ಇದ್ದು ಹಾಲು ಪರೀಕ್ಷಿಸುವ ಲ್ಯಾಬಿಗೆ ಹೋಗಿಬರುತ್ತಾಳೆ. ಹುಡುಗ ನೆಲಮಂಗಲದ ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಇಬ್ಬರೂ ಬಸ್ಸಿನಲ್ಲಿ ಪರಿಚಯವಾದರಂತೆ. ಹುಡುಗನ ಅಪ್ಪ ಬಸ್ ಡ್ರೈವರ್ ಎಂದು ತಿಳಿದಾಗ ನನಗೆ ಬಂದ ಮೊದಲ ಚಿಂತೆ, ಅದೇ ಬಸ್ಸೇ? ಅಪ್ಪನ ಕನ್ನಡಿಯಲ್ಲಿ ಕಾಣುವ ಹಾಗೆ ಕೂತು ಪ್ರೀತಿಸಿದರೇ? “ಇಲ್ಲಪ್ಪಾ, ಅವರದು ಬೇರೆ ರೂಟು” ಎಂದು ಮಗಳು ಮೂರು ಸಲ ಆಣೆ ಮಾಡಿದ ಮೇಲೆ ಸಮಾಧಾನವಾಯಿತು. ಹುಡುಗ ಒಳ್ಳೆಯವನು. ಜಾತಕವೂ ಕೂಡಿಬಂತು. ಚಿಂತೆ ಮಾಡಲು ಏನೂ ಸಿಗದೆ ನಾನು ಒಂದು ವಾರ ನಿದ್ದೆಗೆಟ್ಟೆ.

ಎಂಟನೇ ದಿನ ಸಿಕ್ಕಿತು. ಹುಡುಗ ಶಾಲೆಯ ಹತ್ತಿರ ನನ್ನನ್ನು ನೋಡಲು ಬಂದವನು, ಕಾಫಿ ಕುಡಿಯುತ್ತಾ, “ಈಗಿರೋದು ನೆಲಮಂಗಲ ಸಾರ್, ನಮ್ಮ ಸ್ವಂತ ಊರು...” ಎಂದು ಒಂದು ಹಳ್ಳಿಯ ಹೆಸರು ಹೇಳಿದ. ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದೆ.

ಅದು ನಾನು ಹುಟ್ಟಿದ ಹಳ್ಳಿಯ ಕೆಳಗಿನ ಊರು.

ಕೆಳಗಿನ ಊರು ಎಂದರೆ ನೀರು ಹರಿಯುವ ದಿಕ್ಕಿನಲ್ಲಿ ಕೆಳಗೆ. ನಮ್ಮ ಕೆರೆ ತುಂಬಿ ಕೋಡಿ ಬಿದ್ದರೆ, ಹೆಚ್ಚಾದ ನೀರು ಕಾಲುವೆ ಹಿಡಿದು ಅವರ ಕೆರೆಗೆ ಹೋಗುತ್ತದೆ. ಆ ನೀರನ್ನು ನಮ್ಮವರು ಊರಿನ ಮಗಳು ಎನ್ನುತ್ತಿದ್ದರಂತೆ. ಕೋಡಿ ಬಿದ್ದ ದಿನ ನಮ್ಮೂರ ಹೆಂಗಸರು ಕಟ್ಟೆಯ ಮೇಲೆ ನಿಂತು, ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲಕ್ಕಿ ಕಟ್ಟುವ ಹಾಗೆ, ಹರಿಯುವ ನೀರಿಗೆ ಅಕ್ಕಿ, ಅರಿಶಿನ, ಕುಂಕುಮ ಬಿಟ್ಟು ಒಂದು ತೆಂಗಿನಕಾಯಿ ತೇಲಿಬಿಡುತ್ತಿದ್ದರು. ಕೆಳಗಿನೂರ ಗಂಡಸರು ಕಾಲುವೆಯಲ್ಲಿ ಸೊಂಟಮಟ್ಟ ಇಳಿದು ಕಾಯುತ್ತಿದ್ದರು. ಕಾಯಿ ಯಾರ ಕೈಗೆ ಸಿಕ್ಕಿತೋ ಅವನು ಎಂಟು ದಿನದೊಳಗೆ ನಮ್ಮೂರಿಗೆ ಬಂದು, ಕಾಯಿ ಬಿಟ್ಟವರ ಮನೆಯಲ್ಲಿ ಉಂಡು ಹೋಗಬೇಕು.

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ವರ್ಷ ಮಳೆ ಅರೆಬರೆಯಾಯಿತು. ನಮ್ಮೂರ ಗಂಡಸರು ಕೋಡಿಗೆ ಅಡ್ಡಲಾಗಿ ಮರಳಿನ ಮೂಟೆ ಪೇರಿಸಿ ನೀರನ್ನು ನಿಲ್ಲಿಸಿಕೊಂಡರು. ಕೆಳಗಿನವರು ಬಂದು ಮೂಟೆ ಕಿತ್ತರು. ನಮ್ಮವರು ಮತ್ತೆ ಪೇರಿಸಿದರು. ಅಪ್ಪನ ಮುಂದಿನ ಹಲ್ಲೊಂದು ಹೋದದ್ದು ಆ ಗಲಾಟೆಯಲ್ಲೇ. ಅಲ್ಲಿಂದಾಚೆಗೆ ಎರಡೂ ಊರಿನ ನಡುವೆ ಹೆಣ್ಣು ಕೊಟ್ಟು ತರುವುದು ನಿಂತಿತು. ನೀರಿಗೆ ತೆಂಗಿನಕಾಯಿ ಬಿದ್ದದ್ದನ್ನು ನಾನು ಹುಟ್ಟಿದ ಮೇಲೆ ಒಮ್ಮೆಯೂ ನೋಡಿಲ್ಲ. ಇವತ್ತಿಗೂ ಬಸ್ಸು ಆ ಊರಿನ ಮೇಲೆ ಹೋದರೆ ಅವ್ವ ಕಿಟಕಿಯಿಂದ ಮುಖ ತಿರುಗಿಸಿ ಕೂರುತ್ತಾಳೆ.

ಮಗಳಿಗೆ ವಿಷಯ ತಿಳಿಸಿದೆ. ಅವಳು, “ಅಜ್ಜಿ ಬೇಡ ಅಂದ್ರೆ ನಾನು ಮದ್ವೆ ಆಗಲ್ಲಪ್ಪಾ. ಆದ್ರೆ ಇನ್ನೊಬ್ಬನ್ನೂ ಆಗಲ್ಲ. ನೀನೇ ಅಜ್ಜೀನ ಒಪ್ಪಿಸು” ಎಂದಳು. ಅವ್ವನೇ ಎತ್ತಿ ಆಡಿಸಿದ ಮೊಮ್ಮಗಳು, ಅವ್ವನದೇ ಹಟ.

“ಅತ್ತೆಗೆ ನೀವು ಹೇಳ್ತೀರೋ, ನಾನು ಹೇಳ್ಲೋ?” ಎಂದಳು ಹೆಂಡತಿ.

“ಹೇಳ್ತೀನಿ ಕಣೇ. ಸಮಯ ನೋಡ್ತಾ ಇದೀನಿ.”

ಸಮಯ ನೋಡುತ್ತಲೇ ಇದ್ದೆ. ಆಷಾಢ ಮುಗಿಯಿತು, ಶ್ರಾವಣ ಬಂತು. ಹುಡುಗನ ಕಡೆಯವರು ಒಮ್ಮೆ ಭೇಟಿಯಾಗೋಣ ಎಂದರು. ಅವ್ವನಿಗೆ ನಾನು ಹೇಳಿದ್ದು ಇಷ್ಟೇ, “ನೆಲಮಂಗಲದೋರು ಕಣವ್ವಾ.” ಸುಳ್ಳಲ್ಲ. ಭಾಗಾಕಾರ ಮಾಡಿ ಶೇಷವನ್ನು ಜೇಬಿಗೆ ಹಾಕಿಕೊಂಡ ಹಾಗೆ.

ಮನೆಗೇ ಕರೆದರೆ ಅದು ಹೆಣ್ಣು ನೋಡುವ ಶಾಸ್ತ್ರವಾಗಿಬಿಡುತ್ತದೆ, ಮುರಿದುಬಿದ್ದರೆ ಬೀದಿಗೆಲ್ಲ ಉತ್ತರ ಹೇಳಬೇಕು. ದೇವಸ್ಥಾನಕ್ಕೆ ಹೋದರೆ ಅವ್ವ ಹೂ ಕೇಳುತ್ತಾಳೆ, ದೇವರು ಎಡಗಡೆ ಹೂ ಕೊಟ್ಟರೆ ಅಲ್ಲಿಗೆ ಮುಗಿಯಿತು. ಹೋಟೆಲಿನಲ್ಲಿ ಅವ್ವ ಸಾಂಬಾರಿನ ತಪ್ಪು ಹುಡುಕಿ ಸಪ್ಲೈಯರನ್ನು ನಿಲ್ಲಿಸಿಕೊಂಡು ಪಾಠ ಮಾಡುತ್ತಾಳೆ. ಆಗ ನೆನಪಾದದ್ದೇ ಈ ವಸ್ತುಸಂಗ್ರಹಾಲಯ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹೋಗುವ ದಾರಿಯಲ್ಲಿ, ಹಳೆಯ ಪ್ರವಾಸಿ ಬಂಗಲೆಯೊಂದರಲ್ಲಿ ಹೊಸದಾಗಿ ತೆರೆದಿದ್ದಾರೆ. ಈ ಸೀಮೆಯ ನದಿ, ಕೆರೆ, ಕಾಲುವೆಗಳ ಚರಿತ್ರೆ. ಎರಡೂ ಕಡೆಯವರಿಗೆ ಸರಿಸಮ ದೂರ, ಒಳಗೆ ತಂಪು, ಮೌನ. ಅಲ್ಲಿ ಅವ್ವ ಹುಡುಗನನ್ನು ನೋಡಿ ಮೆಚ್ಚಿಬಿಟ್ಟರೆ, ಆಮೇಲೆ ನಿಧಾನಕ್ಕೆ ಊರಿನ ಹೆಸರು ಬಿಡುವುದು.

ಹೋಗುವ ಮುಂಚೆ ಅಲ್ಲಿಗೆ ಮೂರು ಸಲ ಫೋನ್ ಮಾಡಿದೆ. ಶೌಚಾಲಯ ಇದೆಯೇ? ಇದೆ. ವಯಸ್ಸಾದವರಿಗೆ ಕುರ್ಚಿ? ಇದೆ. ಮೆಟ್ಟಿಲು ಎಷ್ಟು? ನಾಲ್ಕು. ಮೂರನೇ ಸಲ, ಕರೆಂಟ್ ಹೋದರೆ ಏನು ವ್ಯವಸ್ಥೆ ಎಂದು ಕೇಳಿದಾಗ, ಆ ಕಡೆಯ ಹೆಣ್ಣುಮಗಳು, “ಸಾರ್, ನೀವು ಮ್ಯೂಸಿಯಂ ನೋಡೋಕೆ ಬರ್ತಿದೀರಾ, ಮದ್ವೆ ಮಾಡೋಕಾ?” ಎಂದಳು. ಒಳಗೆ ನೋಡಲು ಏನೇನಿದೆ ಎಂಬುದೊಂದನ್ನು ಮಾತ್ರ ನಾನು ಕೇಳಲಿಲ್ಲ.

ಭಾನುವಾರ ಹನ್ನೊಂದಕ್ಕೆ ಸೇರಿದೆವು. ಹುಡುಗನ ಅಪ್ಪನಿಗೆ ಡ್ಯೂಟಿ ಇತ್ತು. ಹುಡುಗ, ಅವನ ಅಮ್ಮ, ಅವನ ತಾತ ಬಂದಿದ್ದರು. ತಾತನಿಗೆ ಎಂಬತ್ತರ ಹತ್ತಿರ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬೆನ್ನು ನೇಗಿಲ ಈಸಿನ ಮರದಂತೆ ನೆಟ್ಟಗೆ. ನಮ್ಮ ಕಡೆ ನಾನು, ಹೆಂಡತಿ, ಮಗಳು, ಅವ್ವ, ಮತ್ತು ಹೆಂಡತಿಯ ಚೀಲದಲ್ಲಿ ಹುರಿದ ಕಡ್ಲೆಕಾಯಿ. ಮಾತು ಸಿಗದಿದ್ದರೆ ಬಾಯಿಗೆ ಕೆಲಸವಿರಲಿ ಎಂದು ನಾನೇ ಹುರಿಸಿದ್ದೆ.

ಮೊದಲ ಅರ್ಧ ಗಂಟೆ ನನ್ನ ಜೀವನದ ಅತ್ಯುತ್ತಮ ಅರ್ಧ ಗಂಟೆ. ಫೋನಿನಲ್ಲಿ ಮಾತಾಡಿದ್ದ ಹೆಣ್ಣುಮಗಳೇ ಎಲ್ಲ ತೋರಿಸುವವಳು. ದೊಡ್ಡಬಳ್ಳಾಪುರದವಳೇ, ತಲೆಯ ಮೇಲೆ ದುಪಟ್ಟಾ ಹೊದ್ದು ಕೈಯಲ್ಲಿ ಉದ್ದನೆಯ ಕೋಲು ಹಿಡಿದಿದ್ದಳು. ನೀರೆತ್ತುವ ಏತದ ಮರ, ಕಪಿಲೆಯ ಚರ್ಮದ ಚೀಲ, ಕೆರೆಯ ತೂಬಿಗೆ ಜಡಿಯುವ ಮರದ ಗೂಟ, ಒಂದು ಹರಿಗೋಲು. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನಕ್ಷೆ. ಮೀನು ಹಿಡಿಯುವ ಬಿದಿರ ಬುಟ್ಟಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಮೇಲಿಂದ ದೀಪ ಬಿಟ್ಟಿದ್ದರು.

“ಇದ್ನ ನೋಡಾಕೆ ಟಿಕೀಟಾ?” ಎಂದಳು ಅವ್ವ. “ನಮ್ಮ ಹಟ್ಟೀಲಿ ಇದ್ರಾಗೆ ಕೋಳಿಮರಿ ಮುಚ್ತಿದ್ವಲ್ಲೋ.”

ತಾತ ನಕ್ಕರು. “ನಾವೂ ಕೋಳೀನೇ ಮುಚ್ತಿದ್ದಿದ್ದು ಕಣಮ್ಮ. ಮೀನು ಎಲ್ಲಿ ಸಿಕ್ಕಾವು, ನಮ್ಮ ಕೆರೆಗೆ ನೀರು ಬಂದ್ರಲ್ವಾ?”

ಅವ್ವನೂ ನಕ್ಕಳು. ನಾನು ಹೆಂಡತಿಯ ಕಡೆ ಗೆದ್ದವನಂತೆ ನೋಡಿದೆ. ಹುಡುಗ ಅವ್ವನ ಕೈ ಹಿಡಿದು ಮೆಟ್ಟಿಲು ಇಳಿಸಿದ. ಅವ್ವ ಮಗಳ ಕಿವಿಯಲ್ಲಿ, “ಹುಡ್ಗನ ಕೈ ಬೆಚ್ಚಗೈತೆ, ಪರ್ವಾಗಿಲ್ಲ” ಎಂದದ್ದು ನನಗೂ ಕೇಳಿಸಿತು. ಆಗಲೇ ಮನಸ್ಸಿನಲ್ಲಿ ಛತ್ರ ಹುಡುಕಲು ಶುರು ಮಾಡಿದ್ದೆ.

ಕೊನೆಯ ಕೋಣೆಯ ನಡುವೆ ನಾಲ್ಕು ಊಟದ ಮೇಜಿನಷ್ಟು ದೊಡ್ಡ ಮೇಜು. ಅದರ ಮೇಲೆ ಮಣ್ಣು, ಸಿಮೆಂಟಿನಲ್ಲಿ ಮಾಡಿದ ಇಡೀ ಸೀಮೆ. ಒಂದು ತುದಿಯಲ್ಲಿ ನಂದಿ ಬೆಟ್ಟ, ಇಳಿಜಾರಿನಲ್ಲಿ ಒಂದರ ಕೆಳಗೊಂದು ತಟ್ಟೆಯಗಲದ ಕೆರೆಗಳು, ನಡುವೆ ಬೆರಳಗಲದ ಕಾಲುವೆಗಳು, ಕಡ್ಡಿಪೆಟ್ಟಿಗೆಯಷ್ಟು ಮನೆಗಳು, ಹಳ್ಳಿಗಳ ಹೆಸರಿನ ಪುಟ್ಟ ಚೀಟಿಗಳು. “ಈ ಹಸಿರು ಬಟನ್ ಒತ್ತಿದ್ರೆ ಬೆಟ್ಟದಿಂದ ನಿಜವಾದ ನೀರು ಬರ್ತದೆ” ಎಂದಳು ಹೆಣ್ಣುಮಗಳು. “ಮೇಲಿನ ಕೆರೆ ತುಂಬಿದ್ಮೇಲೆ ಕೆಳಗಿನ ಕೆರೆ. ನಮ್ಮ ಹಿರೀಕರು ಹೆಂಗೆ ಹಂಚ್ಕೊಂಡು ಬಾಳ್ತಿದ್ರು ಅಂತ ಮಕ್ಕಳಿಗೆ ತೋರ್ಸೋಕೆ.”

ನಾನು ಬಗ್ಗಿ ಚೀಟಿಗಳನ್ನು ಓದಿದೆ. ಐದನೇ ಚೀಟಿ ನಮ್ಮೂರು. ಆರನೆಯದು ಅವರದು. ಅವ್ವನಿಗೆ ಓದಲು ಬಾರದು, ಬಚಾವು ಎಂದುಕೊಂಡೆ.

“ನಡೀರಿ ನಡೀರಿ, ಹೊರಗೆ ಕಾಫಿ ಕುಡಿಯೋಣ” ಎಂದೆ.

“ಇರ್ಲಾ.” ಅವ್ವ ಮೇಜಿನ ಮೇಲೆ ಬಾಗಿದ್ದಳು. ಓದು ಬಾರದವಳಿಗೆ ಕೆರೆಯ ಏರಿ ಚೆನ್ನಾಗಿ ಗೊತ್ತು. ಮೊಣಕೈ ಮಡಿಸಿದ ಹಾಗೆ ತಿರುಗುವ ಏರಿ, ಕೋಡಿಯ ಪಕ್ಕ ಆನೆ ಕೂತಂಥ ಬಂಡೆ. ಮಾಡಿದವನು ಬಂಡೆಯನ್ನೂ ಬಿಟ್ಟಿರಲಿಲ್ಲ. “ಲೇ, ಇದು ನಮ್ಮ ಕೆರೆ ಕಣ್ಲಾ! ಆನೆಬಂಡೆ! ನೋಡೇ ಪುಟ್ಟಿ, ನಿಮ್ಮಪ್ಪ ಈಜು ಕಲೀತೀನಿ ಅಂತ ಇಲ್ಲೇ ಮುಳುಗಿದ್ದು!”

ಮೇಜಿನ ಆ ಕಡೆಯಿಂದ ತಾತ ಬೆರಳು ಚಾಚಿದರು. “ನಮ್ದು ಇದು. ಅದ್ರ ಕೆಳಗಿಂದು.”

ಅವ್ವನ ಬೆರಳು ಐದನೇ ಕೆರೆಯ ಮೇಲೆ, ತಾತನ ಬೆರಳು ಆರನೆಯದರ ಮೇಲೆ. ನಡುವೆ ಒಂದು ಗೇಣು ಕಾಲುವೆ. ಇಬ್ಬರೂ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

“ನೆಲಮಂಗಲ ಅಂದ್ಯಲ್ಲೋ” ಎಂದಳು ಅವ್ವ. ದನಿ ತಣ್ಣಗಿತ್ತು.

“ಈಗ ಇರೋದು ಅಲ್ಲೇ ಕಣವ್ವಾ...”

“ಮೇಷ್ಟ್ರಾಗಿ ಸುಳ್ಳು ಹೇಳ್ಕೊಡ್ತೀಯಾ ಮಕ್ಳಿಗೆ? ನಡಿಯೇ ಪುಟ್ಟಿ, ಮನೆಗೆ.”

ಮಗಳು ಕದಲಲಿಲ್ಲ. ಅವಳ ಮುಖದಿಂದ ಬಣ್ಣ ಇಳಿದುಹೋಗಿತ್ತು. ಈ ಗಳಿಗೆಯಲ್ಲಿ ತಂದೆಯಾದವನು ಏನಾದರೂ ಗಂಭೀರವಾದದ್ದು ಮಾಡಬೇಕು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅಂಚಿನ ಕೆಳಗೆ ಹಸಿರು ಬಟನ್ ಇತ್ತು.

ಘರ್ ಎಂದು ಎಲ್ಲೋ ಪಂಪು ಎದ್ದಿತು. ನಂದಿ ಬೆಟ್ಟದ ನೆತ್ತಿಯಿಂದ ನೀರು ಚಿಮ್ಮಿತು. ಹೊರಟಿದ್ದ ಅವ್ವ ನಿಂತಳು. ಕೆರೆಗೆ ನೀರು ಬರುವಾಗ ಬೆನ್ನು ತಿರುಗಿಸಿ ಹೋಗುವುದು ಅವಳ ತಲೆಮಾರಿನವರಿಂದ ಆಗದ ಕೆಲಸ. ಮೊದಲ ಕೆರೆ ತುಂಬಿತು, ಎರಡನೆಯದು, ಮೂರನೆಯದು. ಏಳೂ ಜನ ಉಸಿರು ಹಿಡಿದು ನೋಡಿದೆವು. ನಾಲ್ಕು. ನಮ್ಮ ಕೆರೆಯೂ ತುಂಬಿತು. ತುಂಬಿ, ಅಂಚಿಗೆ ಬಂದು, ಅಲ್ಲೇ ನಿಂತಿತು. ಕೋಡಿಯಿಂದ ಒಂದು ಹನಿಯೂ ದಾಟಲಿಲ್ಲ. ಆರನೇ ಕೆರೆ ಬಣಗುಡುತ್ತಿತ್ತು.

ತಾತ ಟವೆಲ್ಲನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದರು. “ನೋಡುದ್ರಾ? ಬೊಂಬೆ ಮಾಡಿ ಮಡಗಿದ್ರೂ ಬುದ್ಧಿ ಬಿಟ್ಟಿಲ್ಲ ಆ ಊರೋರು!”

“ಏನಂದ್ರಿ ಯಜಮಾನ್ರೇ?” ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಮ್ಮ ಕೋಡಿ ಚೆನ್ನಾಗೇ ಐತೆ. ನಿಮ್ಮ ಕಾಲ್ವೇಲಿ ಹೂಳು ತೆಗ್ದಿಲ್ಲ, ಅದ್ಕೇ ನೀರು ನಿಂತೈತೆ. ಸೋಂಬೇರಿಗಳಾ!”

“ನಾವು ಸೋಂಬೇರಿಗಳಾಗಿದ್ರೆ ಮೂಟೆ ಕಿತ್ತಿದ್ದು ಯಾರಮ್ಮ? ಈ ಕೈಯಲ್ಲೇ ಕಿತ್ತಿದ್ದು ನಾನು!”

“ಓಹೋ, ನೀವೇನಾ! ಹಂಗಾರೆ ನಮ್ಮ ಯಜಮಾನ್ರ ಹಲ್ಲು?”

“ಅದು ನಾನಲ್ಲ, ನಮ್ಮಣ್ಣ.”

“ತಾತ, ಸುಮ್ನಿರು ತಾತ” ಎಂದ ಹುಡುಗ. “ಅತ್ತೇ, ಬಿಡಿ ಅತ್ತೇ” ಎಂದಳು ನನ್ನ ಹೆಂಡತಿ. ಹುಡುಗನ ಅಮ್ಮ ನನ್ನ ಹೆಂಡತಿಯ ಚೀಲದಿಂದ ಕಡ್ಲೆಕಾಯಿ ತೆಗೆದು ಒಂದಾದ ಮೇಲೊಂದು ಬಿಡಿಸುತ್ತಿದ್ದರು. ಆಕೆಯೂ ನನ್ನ ಜಾತಿಯವರೇ, ಚಿಂತೆ ಬಂದರೆ ಕೈ ಸುಮ್ಮನಿರುವುದಿಲ್ಲ.

ತಾತ ಏಕಾಏಕಿ ದನಿ ತಗ್ಗಿಸಿದರು. “ಜಗ್ಳದ್ದು ಹಾಳಾಗ್ಲಿ ಕಣಮ್ಮ. ಆ ವರ್ಷ ಮೂರು ದಿನ ಕಾಲ್ವೇಲಿ ನಿಂತಿದ್ದೆ ನಾನು. ಕಾಯಿ ಹಿಡ್ಯೋಕೆ. ಅದೇ ಮೊದ್ಲು ನನ್ನ ಕಳ್ಸಿದ್ದು ನಮ್ಮಪ್ಪ. ನೀರೂ ಬರ್ಲಿಲ್ಲ, ಕಾಯೀನೂ ಬರ್ಲಿಲ್ಲ.”

“ಆ ಕಾಯಿ ಬಿಡೋ ಸರದಿ ನಂದು” ಎಂದಳು ಅವ್ವ. “ಹೊಸಾ ಸೊಸೆ ಅಂತ ನನ್ಗೇ ಕೊಟ್ಟಿದ್ರು. ಅರಿಶಿನ ಹಚ್ಚಿ ಮಡಗಿದ್ದೆ. ಮೂಟೆ ಹಾಕ್ಬಿಟ್ರು. ಕೊನೀಗೆ ಒಡ್ದು ಚಟ್ನಿ ಮಾಡಿದ್ವಿ.”

ಪಂಪು ಘರಘರ ಎನ್ನುತ್ತಲೇ ಇತ್ತು. ಅವ್ವ ಬಾಗಿ, ಕಣ್ಣು ಕಿರಿದು ಮಾಡಿ ಕೋಡಿಯನ್ನು ನೋಡಿದಳು. “ಏನೋ ಸಿಕ್ಕಾಕೊಂಡೈತೆ” ಎಂದವಳು ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು.

“ಅಜ್ಜೀ, ಮುಟ್ಬೇಡಿ! ಯಾ ಅಲ್ಲಾ, ಮುಟ್ಬೇಡಿ!” ಹೆಣ್ಣುಮಗಳು ಕೋಲು ಹಿಡಿದು ಓಡಿಬಂದಳು.

ಪಿನ್ನಿನ ತುದಿಯಲ್ಲಿ ಬಂದದ್ದು ಚಾಕೊಲೇಟಿನ ಹೊಳೆಯುವ ಕಾಗದ, ಯಾವುದೋ ಶಾಲೆಯ ಮಕ್ಕಳು ತಿಂದು ಎಸೆದದ್ದು. ಅಷ್ಟು ಹೊತ್ತು ತಡೆದಿದ್ದ ನೀರು ಭರ್ರನೆ ನುಗ್ಗಿತು.

“ಬಂತೂ!” ಎಂದು ತಾತ ಕೂಗಿದ ಕೂಗು ನೆಲಮಂಗಲದವರೆಗೆ ಕೇಳಿರಬೇಕು.

“ತಡೀರಿ, ತಡೀರಿ!” ಅವ್ವ ಅವಸರವಾಗಿ ಸುತ್ತ ನೋಡಿದಳು. ತೆಂಗಿನಕಾಯಿ ಎಲ್ಲಿಂದ ಬರಬೇಕು? ಹುಡುಗನ ಅಮ್ಮನ ಕೈಯಲ್ಲಿ ಇನ್ನೂ ಬಿಡಿಸದ ಒಂದು ಕಡ್ಲೆಕಾಯಿ ಇತ್ತು. ಅವ್ವ ಅದನ್ನು ಕಿತ್ತುಕೊಂಡಳು, ನನ್ನ ಹೆಂಡತಿಯ ಕತ್ತಿನ ಅರಿಶಿನದ ದಾರಕ್ಕೆ ಒಮ್ಮೆ ಉಜ್ಜಿದಳು, ಕೋಡಿಯ ಬಾಯಿಗೆ ಬಿಟ್ಟಳು. ಕಡ್ಲೆಕಾಯಿ ಒಂದು ಗಿರಕಿ ಹೊಡೆದು ಕಾಲುವೆಗೆ ಬಿತ್ತು. ತಿರುವಿನಲ್ಲಿ ಸಿಕ್ಕಿಕೊಂಡಿತು. ಏಳೂ ಜನ ಒಟ್ಟಿಗೆ “ಅಯ್ಯಯ್ಯೋ” ಎಂದೆವು. ತಡಿ, ಏಳಲ್ಲ ಎಂಟು, ಆ ಹೆಣ್ಣುಮಗಳ ದನಿಯೂ ಇತ್ತು. ಮಗಳು ಬಾಗಿ ಉಫ್ ಎಂದು ಊದಿದಳು. ಕಡ್ಲೆಕಾಯಿ ಬಿಡಿಸಿಕೊಂಡು ಮತ್ತೆ ಹೊರಟಿತು.

ತಾತ ಆಗಲೇ ಅಂಗಿಯ ತೋಳು ಮಡಿಸಿ, ಎರಡೂ ಕೈಯನ್ನು ತಮ್ಮ ಕೆರೆಯ ಬಾಯಲ್ಲಿ ಬೊಗಸೆ ಮಾಡಿ ನಿಂತಿದ್ದರು. ಮುಖದಲ್ಲಿ ಎಂಬತ್ತು ವರ್ಷ ಇರಲಿಲ್ಲ. ಕಡ್ಲೆಕಾಯಿ ಬಂದು ಬೊಗಸೆಗೆ ಬಿತ್ತು.

“ಸಿಕ್ತು ಕಣಮ್ಮಾ!”

ಆ ಸಂಭ್ರಮದಲ್ಲಿ ಬಟನ್ ಆರಿಸುವುದನ್ನು ಎಲ್ಲರೂ ಮರೆತಿದ್ದೆವು. ಆರನೇ ಕೆರೆ ತುಂಬಿತು, ಏಳು ತುಂಬಿತು, ಅರ್ಕಾವತಿ ಮೇಜಿನಿಂದ ಇಳಿದು ನನ್ನ ಹೊಸ ಚಪ್ಪಲಿಯೊಳಗೆ ಹರಿಯಿತು. ನನಗೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಹೆಂಡತಿ ನನ್ನ ಬೆನ್ನು ತಟ್ಟುತ್ತಾ, “ರೀ, ಬಿ.ಪಿ. ಮಾತ್ರೆ ತಗೊಂಡ್ರಾ?” ಎನ್ನುತ್ತಾ ತಾನೂ ನಗುತ್ತಿದ್ದಳು. ಕೈ ಹಿಂದೆ ಕಟ್ಟಿಕೊಂಡು ಪಕ್ಕದ ಕೋಣೆಯಲ್ಲಿ ನಡೆಯುತ್ತಿದ್ದ ಇಬ್ಬರು ಬಾಗಿಲಲ್ಲಿ ಇಣುಕಿ, ತಲೆಯಾಡಿಸಿ ಹೋದರು.

ಹೆಣ್ಣುಮಗಳು ಪಂಪು ಆರಿಸಿದಳು. ಒಳಗೆ ಹೋಗಿ ಒಂದು ನೆಲ ಒರೆಸುವ ಕೋಲು ತಂದು ಮಾತಿಲ್ಲದೆ ನನ್ನ ಕೈಗೆ ಕೊಟ್ಟಳು. ನಾನು ಒರೆಸತೊಡಗಿದೆ. ಹುಡುಗ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಒಂದು ಕೋಲಿಗೆ ಇಬ್ಬರೂ ಎಳೆದಾಡುತ್ತಿದ್ದಾಗ, ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವ್ವನನ್ನು ತಾತ ಕೇಳಿದ್ದು ಕಿವಿಗೆ ಬಿತ್ತು.

“ಎಂಟು ದಿನದೊಳಗೆ ಬರ್ಬೇಕಲ್ಲಮ್ಮ. ಯಾವತ್ತು ಬರ್ಲಿ?”

ಮಗಳ ಕೈ ನನ್ನ ತೋಳನ್ನು ಹಿಡಿಯಿತು. ಉಗುರು ಚುಚ್ಚಿತು.

ಅವ್ವ ಪಿನ್ನನ್ನು ನಿಧಾನವಾಗಿ ಬಳೆಗೆ ಸಿಕ್ಕಿಸಿಕೊಂಡಳು. ಮೊಮ್ಮಗಳನ್ನು ನೋಡಿದಳು. ಕೋಲು ಹಿಡಿದು ನಿಂತ ನಮ್ಮಿಬ್ಬರನ್ನೂ ನೋಡಿದಳು. “ಒಂದ್ಸಲ ಕಾಯಿ ಹಿಡ್ದೋರ್ನ ಬ್ಯಾಡ ಅನ್ನೋಕಾಗ್ತದಾ” ಎಂದಳು. “ಬರೋ ಭಾನ್ವಾರ ಬನ್ನಿ. ಎಲ್ರೂ ಬನ್ನಿ. ಆ ಡ್ರೈವರಪ್ಪಂಗೂ ರಜ ಹಾಕಿಸ್ಕೊಂಡ್ ಬನ್ನಿ. ಬಂದೇ ಬತ್ತೀರಿ, ಹುಡ್ಗೀನೂ ನೋಡ್ಕೊಂಡ್ ಹೋಗಿ, ಶಾಸ್ತ್ರಕ್ಕೆ.”

ಆಮೇಲೆ ನನ್ನ ಕಡೆ ತಿರುಗಿ, “ನೀನು ಮಾತ್ರ ನನ್ನ ಕೂಡೆ ಮಾತಾಡ್ಬ್ಯಾಡ, ಸುಳ್ಳ” ಎಂದಳು. ಮೂರು ದಿನ ಆಡಲೂ ಇಲ್ಲ.

ಹೊರಡುವಾಗ ನನ್ನ ಹೆಂಡತಿ ತಾತನಿಗೆ, “ಆ ಕಡ್ಲೆಕಾಯಿ ಒದ್ದೆಯಾಗೈತೆ, ಬೇರೆ ತಗೊಳ್ಳಿ” ಎಂದಳು. ಅವರು ಅದನ್ನು ಟವೆಲ್ಲಿನ ತುದಿಗೆ ಗಂಟು ಹಾಕುತ್ತಾ, “ತಿನ್ನೋಕಲ್ಲ ತಾಯಿ” ಎಂದರು.

ಮುಂದಿನ ಏಳು ದಿನ ನನಗೆ ಹಬ್ಬ. ಚಿಂತಿಸಲು ಎಷ್ಟೊಂದು ಸಿಕ್ಕಿತು. ಮುದ್ದೆಯೋ ಚಪಾತಿಯೋ? ತಾತನಿಗೆ ಹಲ್ಲಿದೆಯೇ? ಹಲ್ಲಿನ ಮಾತು ಬಂದರೆ ಅಪ್ಪನ ಫೋಟೋ ಗೋಡೆಯ ಮೇಲೆಯೇ ಇದೆ, ಬಾಯಿ ಮುಚ್ಚಿ ತೆಗೆಸಿದ ಫೋಟೋ, ಪರವಾಗಿಲ್ಲ. ಅವರು ಕಾರು ಮಾಡಿಕೊಂಡು ಬಂದರೆ ನಿಲ್ಲಿಸಲು ಎದುರು ಮನೆಯವರ ಸ್ಕೂಟರ್ ಸರಿಸಬೇಕು. ಶನಿವಾರ ತಲೆಯಲ್ಲಿ ಇನ್ನೊಂದು ಹುಟ್ಟಿತು, ಅಕಸ್ಮಾತ್ ಕಡ್ಲೆಕಾಯಿ ಕಳೆದುಹೋಗಿದ್ದರೆ?

ಭಾನುವಾರ ಹನ್ನೊಂದಕ್ಕೆ ಗೇಟಿನ ಸದ್ದಾಯಿತು. ಎಲ್ಲರಿಗಿಂತ ಮುಂದೆ ತಾತ. ಬಸ್ಸಿನಲ್ಲಿ ಪಾಸು ತೋರಿಸುವವರ ಹಾಗೆ ಎರಡು ಬೆರಳಲ್ಲಿ ಆ ಕಡ್ಲೆಕಾಯಿ ಎತ್ತಿ ಹಿಡಿದು ನಿಂತಿದ್ದರು. ಒಣಗಿ, ಸುಕ್ಕಾಗಿ, ಅರಿಶಿನದ ಒಂದು ಗೆರೆ ಇನ್ನೂ ಉಳಿದಿತ್ತು.

ಅಡಿಗೆಮನೆಯಿಂದ ಅವ್ವನ ದನಿ ಬಂತು. “ಏನ್ಲಾ ಬಾಯ್ ಬಿಟ್ಕೊಂಡ್ ನಿಂತಿದೀಯ? ಮೊದ್ಲು ನೀರು ಕೊಡ್ಲಾ ಅವ್ರಿಗೆ!”

ನಾನು ಚೊಂಬು ಹಿಡಿದು ಓಡಿದೆ. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು.